ಮೂವತ್ತೊಂದು ಗ್ರಾಂ ತೂಕದ ತಪ್ಪು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇದೆ. ನಾರ್ತಾಂಪ್ಟನ್ ಸೀಮೆಯ ಹ್ಯಾಸ್ಲ್‌ಬಿ ಹಳ್ಳಿಯ ಚರ್ಚಿನ ಹಿಂದೆ, ಒಂದು ಕಾಲಕ್ಕೆ ಹಾಲು ಕರೆಯುವ ಕೊಟ್ಟಿಗೆಯಾಗಿದ್ದ ಉದ್ದನೆಯ ಶೆಡ್ಡಿನಲ್ಲಿ ದೀಪ ಉರಿಯುತ್ತಿದೆ. ಏಪ್ರಿಲ್ ಬಂದರೂ ಬಾಗಿಲಾಚೆಯ ಹುಲ್ಲು ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿದೆ. ಒಳಗೆ ಲೋರ್ನಾ ಟೆಬಟ್ ಉಣ್ಣೆಯ ಟೋಪಿ ಹಾಕಿಕೊಂಡು, ವೈಸಿಗೆ ಕಚ್ಚಿಸಿದ ಉಕ್ಕಿನ ತುಂಡೊಂದರ ಅಂಚನ್ನು ಅರದಿಂದ ಉಜ್ಜುತ್ತಿದ್ದಾರೆ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತುತ್ತಾರೆ, ಹಿಂದಕ್ಕೆ ಎಳೆಯುವಾಗ ಅರ ಉಕ್ಕನ್ನು ಮುಟ್ಟುವುದಿಲ್ಲ. ಹತ್ತು ಸಲ ಉಜ್ಜಿ, ಗವಸು ಕಳಚಿ, ಹೆಬ್ಬೆರಳಿನಿಂದ ಅಂಚನ್ನು ಸವರಿ ನೋಡುತ್ತಾರೆ. ಮತ್ತೆ ಹತ್ತು ಸಲ.

"ಅಂಚು ಕೈಗೆ ತಾಗಬಾರದು," ಎನ್ನುತ್ತಾರೆ ತಲೆ ಎತ್ತದೆ. "ತಾಗ್ತು ಅಂದ್ರೆ ಅಲ್ಲೊಂದು ಗೀರು ಇದೆ ಅಂತ ಅರ್ಥ. ಬಿರುಕು ಹುಟ್ಟೋಕೆ ಅಂಥ ಜಾಗಾನೇ ಹುಡುಕ್ತಿರುತ್ತೆ. ನಾವಾಗಿ ಕೊಡಬಾರದು."

ಆ ತುಂಡು ಅಂಗೈಯಷ್ಟು ದೊಡ್ಡದು, ಆಕಾರ ತ್ರಿಕೋನ. ರೇಸ್ ಕಾರಿನ ಮುಂದಿನ ಗಾಲಿಗೆ ರಸ್ತೆಯಿಂದ ಬಿದ್ದ ಏಟನ್ನು ಒಂದು ಕಡ್ಡಿ ಮೇಲಕ್ಕೆ ತಳ್ಳುತ್ತದೆ. ಆ ಏಟನ್ನು ತಿರುಗಿಸಿ ಸ್ಪ್ರಿಂಗಿಗೆ ಮುಟ್ಟಿಸುವುದು ಈ ತುಂಡಿನ ಕೆಲಸ. ಇದಕ್ಕೆ ರಾಕರ್ ಎಂದು ಹೆಸರು. ಎಡಕ್ಕೊಂದು, ಬಲಕ್ಕೊಂದು. ಓಡುತ್ತಿರುವಾಗ ಇದು ಮುರಿದರೆ ಕಾರಿನ ಮೂಗು ಆ ಮೂಲೆಯಲ್ಲಿ ನೆಲಕ್ಕೆ ಕುಸಿಯುತ್ತದೆ. ಆಮೇಲೆ ಸ್ಟೀರಿಂಗು ಕೈಯಲ್ಲಿದ್ದರೂ ಇಲ್ಲದ ಹಾಗೆಯೇ.

ಕಳೆದ ಐದು ತಿಂಗಳಲ್ಲಿ ಲೋರ್ನಾ ಇಂಥ ನಲವತ್ತನಾಲ್ಕು ತುಂಡುಗಳನ್ನು ಮಾಡಿ, ಇಪ್ಪತ್ತೆರಡು ಕಾರುಗಳಿಗೆ ಹಾಕಿಸಿದ್ದಾರೆ. ಈಗ ಉಜ್ಜುತ್ತಿರುವುದು ಇಪ್ಪತ್ತಮೂರನೆಯ ಕಾರಿನದು. ಆ ಕಾರು ಎಲ್ಲಿದೆ, ಯಾರ ಹತ್ತಿರ ಇದೆ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅದರ ಮುಂದಿನ ಎರಡೂ ರಾಕರ್‌ಗಳಲ್ಲಿ ಅವರೇ ಕೊರೆದ ಮೂರು ಮೂರು ತೂತುಗಳಿವೆ. ರೇಸಿನ ಕಾಲ ಈ ಭಾನುವಾರದಿಂದ ಶುರುವಾಗುತ್ತದೆ.

ಲೋರ್ನಾಗೆ ಈಗ ಅರವತ್ತೇಳು. ಮೂವತ್ತೆಂಟು ವರ್ಷಗಳಿಂದ ರೇಸ್ ಕಾರುಗಳ ನಕ್ಷೆಯನ್ನು ತಾವೇ ಬರೆದು, ತಾವೇ ಕಟ್ಟುತ್ತಿದ್ದಾರೆ. ಇದುವರೆಗೆ ಅರವತ್ತೊಂದು ಕಾರು. ಟೀವಿಯಲ್ಲಿ ಬರುವಂಥವಲ್ಲ. ವಾರವೆಲ್ಲ ಕೊಳಾಯಿ ರಿಪೇರಿ ಮಾಡುವವರು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವರು, ಕುರಿ ಸಾಕುವವರು ಭಾನುವಾರ ಬಂತೆಂದರೆ ಟ್ರೇಲರಿನ ಮೇಲೆ ಹಾಕಿಕೊಂಡು ಹೋಗುವ, ಒಬ್ಬರೇ ಕೂರುವ ಕಾರುಗಳು. ಬೈಕಿನ ಎಂಜಿನ್, ಉಕ್ಕಿನ ಕೊಳವೆಗಳ ಅಸ್ಥಿಪಂಜರ, ಮೇಲೆ ಫೈಬರ್‌ಗ್ಲಾಸಿನ ಹೊದಿಕೆ. ನಾನೂರು ಕಿಲೋ ಕೂಡ ತೂಗುವುದಿಲ್ಲ. ನಮ್ಮ ಸೀಮೆಯಲ್ಲಿ ನಾಲ್ಕು ಹಳ್ಳಿಗೊಂದು ಇಂಥ ಶೆಡ್ಡು ಇದೆ. ಆದರೆ ನಕ್ಷೆಯ ಮೂಲೆಯಲ್ಲಿ ಹೆಂಗಸಿನ ಸಹಿ ಇರುವುದು ಇದೊಂದರಲ್ಲೇ.

ಗೆದ್ದವರ ಪಟ್ಟಿ ಗೋಡೆಯ ಮೇಲಿಲ್ಲ. ಕೇಳಿದರೆ, "ಗೆದ್ದಿದ್ದು ಓಡಿಸಿದೋರು. ನಾನು ಇಲ್ಲಿ ಚಹಾ ಕುಡೀತಾ ಕೂತಿದ್ದೆ," ಎನ್ನುತ್ತಾರೆ. ಗೋಡೆಯಲ್ಲಿರುವುದು ಅರಗಳು, ಸುತ್ತಿಗೆಗಳು, ಮತ್ತು ಮರದ ಒಂದು ಜೊತೆ ಪಾದ. ಶೂ ಹೊಲಿಯುವಾಗ ಒಳಗಿಡುವ ಅಚ್ಚು ಅದು. ಲೋರ್ನಾರ ತಂದೆ ನಾರ್ತಾಂಪ್ಟನ್ನಿನ ಶೂ ಕಾರ್ಖಾನೆಯಲ್ಲಿ ತೊಗಲು ಕತ್ತರಿಸುತ್ತಿದ್ದರು, ತಾಯಿ ಅಲ್ಲೇ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು. "ಅಪ್ಪ ಒಂದು ಇಡೀ ತೊಗಲನ್ನ ಮೇಜಿನ ಮೇಲೆ ಹಾಸಿ ಸುಮ್ನೆ ಸವರ್ತಾ ನಿಂತಿರೋರು. ಹೊಟ್ಟೆ ಕಡೆ ತೊಗಲು ಹಿಗ್ಗುತ್ತೆ, ಬೆನ್ನಿನ ಕಡೇದು ಹಿಗ್ಗಲ್ಲ. ಯಾವ ತುಂಡು ಪಾದದ ಯಾವ ಜಾಗಕ್ಕೆ ಅಂತ ಗೊತ್ತಾಗದೆ ಚಾಕು ಇಡ್ತಿರಲಿಲ್ಲ. ನಾನೂ ಕೊಳವೆ ಕತ್ತರಿಸೋಕೆ ಮುಂಚೆ ಹಾಗೇ ನಿಂತಿರ್ತೀನಿ. ನೆವ್‌ಗೆ ನಿದ್ದೆ ಬರುತ್ತೆ."

"ನಿದ್ದೆ ಅಲ್ಲ, ಹಸಿವು," ಎಂಬ ದನಿ ಬಾಗಿಲಿನಿಂದ ಬರುತ್ತದೆ. ನೆವಿಲ್ ಪೆಟಿಫರ್, ಎಪ್ಪತ್ತೊಂದು ವರ್ಷ, ಈ ಶೆಡ್ಡಿನ ವೆಲ್ಡಿಂಗಿನವರು. ಮೂವತ್ತು ವರ್ಷದಿಂದ ಲೋರ್ನಾ ಬರೆದದ್ದನ್ನು ಬೆಸೆಯುತ್ತ ಬಂದಿದ್ದಾರೆ. ಪತ್ರಿಕೆಗೆ ಬರೆಯಲೆಂದು ಬಂದು ಮೂಲೆಯಲ್ಲಿ ಕೂತ ನನ್ನತ್ತ ತಿರುಗಿ, "ಏನು ಬಾತು, ಇನ್ನೂ ಬರೀತಾನೇ ಇದೀಯಾ? ನಾನು ಸುಂದರವಾಗಿದ್ದೆ ಅಂತ ಒಂದು ಸಾಲು ಹಾಕು," ಎನ್ನುತ್ತಾರೆ. ಈ ಕಡೆ ಪರಿಚಯದವರೆಲ್ಲ ಒಬ್ಬರಿಗೊಬ್ಬರು ಬಾತುಕೋಳಿಗಳೇ. ಬೇಜಾರು ಮಾಡಿಕೊಳ್ಳುವ ಹಾಗಿಲ್ಲ.

ಹದಿನೇಳಕ್ಕೆ ಲೋರ್ನಾ ರೇಸ್ ಕಾರು ತಯಾರಿಸುವ ಕಂಪನಿಯೊಂದರ ನಕ್ಷೆ ಕೋಣೆಗೆ ಸೇರಿದರು. ವಿನ್ಯಾಸ ಮಾಡುವವರೆಲ್ಲ ಗಂಡಸರು. ಅವರು ಪೆನ್ಸಿಲಿನಲ್ಲಿ ಬರೆದದ್ದನ್ನು ಪಾರದರ್ಶಕ ಹಾಳೆಯ ಮೇಲೆ ಮಸಿಯಲ್ಲಿ ತಿದ್ದಿ ಬರೆಯುವುದಕ್ಕೆ ಐದು ಜನ ಹುಡುಗಿಯರು. ಕಾರ್ಖಾನೆಯ ಒಳಗೆ ಕಾಲಿಡಲು ಹುಡುಗಿಯರಿಗೆ ಅಪ್ಪಣೆಯಿಲ್ಲ. ಹೀಗಾಗಿ ತಾವು ಬರೆದ ಭಾಗಗಳನ್ನು ಲೋರ್ನಾ ಕಣ್ಣಲ್ಲಿ ನೋಡಿದ್ದು ಎರಡನೆಯ ವರ್ಷದಲ್ಲಿ, ಅದೂ ಗೇಟಿನಾಚೆ ನಿಂತು. "ಆದ್ರೆ ಒಂದು ಲಾಭ ಆಯ್ತು. ಬೇರೆಯವರ ಗೆರೆ ಮೇಲೆ ದಿನಾ ಎಂಟು ಗಂಟೆ ಗೆರೆ ಎಳೀತಾ ಎಳೀತಾ, ಯಾರು ಯೋಚನೆ ಮಾಡಿ ಎಳೆದಿದಾರೆ, ಯಾರು ಊಟದ ಟೈಮಾಯ್ತು ಅಂತ ಎಳೆದಿದಾರೆ ಅನ್ನೋದು ಗೊತ್ತಾಗೋಕೆ ಶುರುವಾಯ್ತು."

ಒಂದು ದಿನ ಸಸ್ಪೆನ್ಷನ್ನಿನ ಕಡ್ಡಿಯೊಂದು ನಾಲ್ಕು ಮಿಲಿಮೀಟರ್ ಗಿಡ್ಡವಾಗಿದೆ ಅನ್ನಿಸಿತು. ಹೇಳಿದರು. ನಕ್ಷೆ ಬರೆದಾತ, "ನಿನ್ನ ಕೆಲಸ ತಿದ್ದೋದು, ತಿದ್ದುಪಡಿ ಮಾಡೋದಲ್ಲ," ಎಂದ. ಕೋಣೆಯೆಲ್ಲ ನಕ್ಕಿತು. ಎರಡು ವಾರದ ಮೇಲೆ ಕಾರ್ಖಾನೆಯಿಂದ ಆ ಕಡ್ಡಿ ವಾಪಸು ಬಂತು, ನಾಲ್ಕು ಮಿಲಿಮೀಟರ್ ಗಿಡ್ಡ ಎಂಬ ಚೀಟಿಯೊಂದಿಗೆ. ಲೋರ್ನಾ ಸಂಜೆ ಕಾಲೇಜಿಗೆ ಸೇರಿಕೊಂಡರು. ಗಣಿತ, ಲೋಹಶಾಸ್ತ್ರ. ತರಗತಿಯಲ್ಲಿ ಅವರೊಬ್ಬರೇ ಹುಡುಗಿ; ಅಲ್ಲಿ ಹೆಣ್ಣುಮಕ್ಕಳ ಶೌಚಾಲಯ ಇರಲಿಲ್ಲವಾದ್ದರಿಂದ ಪಕ್ಕದ ಗ್ರಂಥಾಲಯಕ್ಕೆ ಓಡಬೇಕಿತ್ತು. "ಆ ಓಟದಲ್ಲಿ ನನ್ನ ದಾಖಲೆ ಇನ್ನೂ ಯಾರೂ ಮುರಿದಿಲ್ಲ," ಎಂದು ನಗುತ್ತಾರೆ.

ಮೊದಲ ಕಾರನ್ನು ಕಟ್ಟಿದ್ದು ಮನೆಯಲ್ಲೇ. ನಕ್ಷೆಯನ್ನು ಮುಂಗೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ, ಕಾರಿನಷ್ಟೇ ದೊಡ್ಡದಾಗಿ ಬರೆದರು. ಅದರ ಮೇಲೆ ಕೂತು, ಕಾಲು ಚಾಚಿ, ಪೆಡಲು ಎಲ್ಲಿ ಬರಬೇಕೆಂದು ಗುರುತು ಹಾಕಿದರು. ಆಗ ಆರು ತಿಂಗಳ ಬಸುರಿ. "ಹೊಟ್ಟೆ ಅಡ್ಡ ಬಂದು ಸ್ಟೀರಿಂಗು ಎಂಟು ಸೆಂಟಿಮೀಟರ್ ಮುಂದಕ್ಕೆ ಹೋಯ್ತು. ಕೊಂಡವನಿಗೆ ಬಿಯರ್ ಹೊಟ್ಟೆ ಇತ್ತು. ಸರಿಯಾಗಿ ಕೂತ್ಕೊಂಡ." ಫೈಬರ್‌ಗ್ಲಾಸಿನ ಅಂಟು ಚಳಿಯಲ್ಲಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಕಾರಿನ ಮೂಗನ್ನು ಅಡುಗೆಮನೆಯ ಒಲೆಯ ಪಕ್ಕ ಒಣಗಿಸಿದರು. ಬಸ್ ಓಡಿಸಿ ಮನೆಗೆ ಬಂದ ಗಂಡ ರಾಯ್, "ಮೂಗು ಇರುತ್ತೋ ನಾನಿರ್ತೀನೋ ಇವತ್ತೇ ತೀರ್ಮಾನ ಆಗ್ಲಿ," ಎಂದರಂತೆ. ಮೂಗು ಮೂರು ವಾರ ಇತ್ತು. ರಾಯ್ ಇನ್ನೂ ಇದ್ದಾರೆ.

ಆದರೆ ಲೋರ್ನಾ ಹೇಳಬೇಕೆಂದಿರುವುದು ಈ ಕಥೆಗಳನ್ನಲ್ಲ. ತೂತುಗಳ ಕಥೆಯನ್ನು.

ಅವರ ಮೂರನೆಯ ವಿನ್ಯಾಸದ ಕಾರಿಗೆ ಒಳ್ಳೆಯ ಹೆಸರು ಬಂತು. ಒಂದರಿಂದ ಇಪ್ಪತ್ತನಾಲ್ಕರವರೆಗೆ ನಂಬರು ಹಾಕಿದರು, ಹದಿಮೂರನ್ನು ಬಿಟ್ಟು. ರೇಸಿನಲ್ಲಿ ಹದಿಮೂರನ್ನು ಅಪಶಕುನವೆಂದು ಯಾರೂ ಕೊಳ್ಳುವುದಿಲ್ಲ, ಹಾಗಾಗಿ ಯಾರೂ ಕಟ್ಟುವುದೂ ಇಲ್ಲ. ಒಟ್ಟು ಇಪ್ಪತ್ತಮೂರು ಕಾರು. ಮೊದಲನೆಯದು ತಯಾರಾದಾಗ, ಪಕ್ಕದ ಊರಿನ ಶೆಡ್ಡೊಂದರಲ್ಲಿ ಕಟ್ಟಿದ ಕಾರು ಇದಕ್ಕಿಂತ ಎರಡು ಕಿಲೋ ಹಗುರ ಎಂಬ ಸುದ್ದಿ ಬಂತು. ಈ ಕಸುಬಿನವರಿಗೆ ತೂಕವೆಂದರೆ ಒಂದು ಹುಚ್ಚು. ಬೋಲ್ಟಿನ ತಲೆ ಕೆರೆಯುತ್ತಾರೆ, ಬಣ್ಣ ಬಳಿಯದೆ ಬಿಡುತ್ತಾರೆ, ಕೈಗೆ ಸಿಕ್ಕಿದ್ದಕ್ಕೆಲ್ಲ ತೂತು ಕೊರೆಯುತ್ತಾರೆ. ಲೋರ್ನಾ ಕೂಡ ಒಂದು ವಾರ ಡ್ರಿಲ್ಲು ಹಿಡಿದು ಕಾರಿನ ಸುತ್ತ ತಿರುಗಿದರು. ನಕ್ಷೆಯಲ್ಲಿ ರಾಕರ್ ಗಟ್ಟಿಯಾಗಿತ್ತು, ತೂತಿರಲಿಲ್ಲ. ಆ ವಾರ ಒಂದೊಂದಕ್ಕೆ ಮೂರು ತೂತು ಬಿತ್ತು. ಎರಡೂ ಸೇರಿ ಉಳಿದ ತೂಕ ಮೂವತ್ತೊಂದು ಗ್ರಾಂ. ಆಮೇಲೆ ಕಟ್ಟಿದ ಕಾರುಗಳಿಗೂ ಹಾಗೆಯೇ ಕೊರೆದರು.

"ಆ ಕಾರಿನವನು ಮೊದಲನೇ ರೇಸಿನ ದಿನ ಬೇಕನ್ ತುಂಬಿದ ಬನ್ನು ಎರಡು ತಿಂದು ಹತ್ತಿದ," ಎನ್ನುತ್ತಾರೆ ನೆವ್.

"ಮೂರು," ಎನ್ನುತ್ತಾರೆ ಲೋರ್ನಾ. ನಗುತ್ತಾರೆ, ಆಮೇಲೆ ನಗುವುದಿಲ್ಲ.

ಇಪ್ಪತ್ತು ವರ್ಷ ಏನೂ ಆಗಲಿಲ್ಲ. ಹೋದ ನವೆಂಬರಿನಲ್ಲಿ ಕಾರೊಂದು ಚಳಿಗಾಲದ ರಿಪೇರಿಗೆ ಬಂತು. ಬಿಚ್ಚಿದ ಭಾಗಗಳಿಗೆಲ್ಲ ಲೋರ್ನಾ ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ನೋಡುವುದು ವಾಡಿಕೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಮೂಡುತ್ತದೆ. ಎಡಗಡೆಯ ರಾಕರಿನಲ್ಲಿ, ನಡುವಿನ ತೂತಿನ ಅಂಚಿನಿಂದ ಹೊರಕ್ಕೆ, ಕೂದಲೆಳೆಯಂಥ ಕೆಂಪು ಗೆರೆಯೊಂದು ಮೂಡಿತು.

"ಹತ್ತು ನಿಮಿಷ ನೋಡ್ತಾ ಕೂತಿದ್ದೆ. ನನ್ನ ಕೈಬರಹ ನೋಡಿದ ಹಾಗಾಯ್ತು," ಎನ್ನುತ್ತಾರೆ.

ನೆವ್ ಒಂದು ದಾರಿ ಹೇಳಿದರು: ಇದನ್ನು ತಪ್ಪೆಂದು ಹೇಳುವುದು ಬೇಡ, ಹಳೆಯ ಕಾರುಗಳಿಗೆ ಉತ್ತಮ ಭಾಗ ಬಂದಿದೆ, ಹಾಕಿಸಿಕೊಳ್ಳಿ ಎಂದು ಬರೆದರೆ ಸಾಕು. ಲೋರ್ನಾ ಎರಡು ದಿನ ಯೋಚಿಸಿದರು. ಆ ಎರಡು ದಿನಗಳ ಬಗ್ಗೆ ಅವರು ನಿಧಾನವಾಗಿ, ಬಿಟ್ಟು ಬಿಟ್ಟು ಮಾತಾಡುತ್ತಾರೆ. "ಅಂಗಡಿಗೆ ಹೋಗಿ ಹಾಲು ತರೋಕೂ ತಲೆ ತಗ್ಗಿಸ್ಕೊಂಡು ಹೋಗ್ತಿದ್ದೆ. ಈ ಕೆಲಸದಲ್ಲಿ ಗಂಡಸು ತಪ್ಪು ಮಾಡಿದ್ರೆ ಅದೊಂದು ತಪ್ಪು, ಅಷ್ಟೆ. ನಾನು ಮಾಡಿದ್ರೆ ಹೆಂಗಸು ಮಾಡಿದ್ದು. ಅದಕ್ಕೇ ನಲವತ್ತು ವರ್ಷ ತಪ್ಪೇ ಮಾಡದವಳ ಹಾಗೆ ಬದುಕಿದ್ದೆ. ಅದೂ ಒಂಥರಾ ಭಾರಾನೇ ಕಣೆ. ಅದನ್ನ ಮಾತ್ರ ಯಾವ ಡ್ರಿಲ್ಲಿಂದಲೂ ಕಮ್ಮಿ ಮಾಡೋಕಾಗಲ್ಲ."

ಮೂರನೆಯ ದಿನ ಬರೆದ ಕಾಗದ ಹೀಗಿತ್ತು: "ನಿಮ್ಮ ಕಾರಿನ ಮುಂದಿನ ರಾಕರ್‌ಗಳಲ್ಲಿ ನಾನು ತೂತು ಕೊರೆದಿದ್ದು ತಪ್ಪು. ದಯವಿಟ್ಟು ಕಾರು ಓಡಿಸಬೇಡಿ. ಹೊಸದನ್ನು ನಾನೇ ಮಾಡಿ ತಂದು ಹಾಕುತ್ತೇನೆ. ಬಿಲ್ಲು ಕೊಡುವುದಿಲ್ಲ."

ಕೆಲವರು ಹೂವು ಕಳಿಸಿದರು. ಒಬ್ಬಾತ ಫೋನಿನಲ್ಲಿ ಹದಿನೈದು ನಿಮಿಷ ಬೈದ. "ಸರಿಯಾಗೇ ಬೈದ. ಎಲ್ಲೂ ತಡೀಲಿಲ್ಲ ನಾನು," ಎನ್ನುತ್ತಾರೆ. ಸ್ಕಾಟ್ಲೆಂಡಿನ ತುದಿಗೆ ಒಮ್ಮೆ, ಕಾರ್ನ್‌ವಾಲಿಗೆ ಎರಡು ಸಲ, ಐರ್ಲೆಂಡಿಗೆ ಹಡಗಿನಲ್ಲಿ ಒಮ್ಮೆ ಹೋಗಿಬಂದರು. ನೆವ್ ವ್ಯಾನು ಓಡಿಸಿದರು, ದಾರಿಯುದ್ದಕ್ಕೂ ಗೊಣಗಿದರು. ಇಪ್ಪತ್ತೆರಡು ಕಾರುಗಳಾದವು. ಹದಿನೇಳನೆಯ ನಂಬರಿನದು ಮಾತ್ರ ಐದು ಜನರ ಕೈ ದಾಟಿ, ಕಾಗದಪತ್ರ ಕಳೆದುಕೊಂಡು, ಎಲ್ಲೋ ಮಾಯವಾಗಿತ್ತು.

ಈ ಬೆಳಗ್ಗೆ ನೆವ್ ಕೈಯಲ್ಲಿ ರೇಸ್ ಕ್ಲಬ್ಬೊಂದರ ಸುದ್ದಿಪತ್ರಿಕೆ ಇದೆ. ಚಹಾದ ಲೋಟ ಬದಿಗೆ ಸರಿಸಿ ಬೆಂಚಿನ ಮೇಲೆ ಹರಡುತ್ತಾರೆ. ಹೆರಿಫರ್ಡ್ ಕಡೆ ಹೋದ ವರ್ಷ ನಡೆದ ಗುಡ್ಡ ಹತ್ತುವ ರೇಸಿನ ಫೋಟೊ. ಒಂದು ಹಳದಿ ಕಾರು.

"ಹದಿನೇಳು," ಎನ್ನುತ್ತಾರೆ ನೆವ್.

"ಹಳದಿ ಯಾವುದೂ ಇರಲಿಲ್ಲವಲ್ಲೋ ನಮ್ಮಲ್ಲಿ."

"ಅದಕ್ಕೇ ಹೇಳಿದ್ದು. ಆ ಮೂಗು ನೋಡು. ನಿನ್ನ ಅಡುಗೆಮನೇಲಿ ಹುಟ್ಟಿದ ಮೂಗಿನ ಮೊಮ್ಮಗು ಅದು. ಇಪ್ಪತ್ತೆರಡನ್ನ ನಾವೇ ಕಣ್ಣಾರೆ ನೋಡಿದೀವಿ, ಒಂದೂ ಹಳದಿ ಅಲ್ಲ. ಉಳಿದಿದ್ದು ಒಂದೇ. ಬಣ್ಣ ಬಳಿದುಬಿಟ್ಟಿದಾರೆ, ಅಷ್ಟೆ."

ಕಾರಿನ ಒಡತಿ ರೊವೀನಾ ಸ್ಕೆಲ್ಟನ್, ದನಕರುಗಳ ವೈದ್ಯೆ. ಅದೇ ಗುಡ್ಡದಲ್ಲಿ ಈ ಭಾನುವಾರ ನಡೆಯುವ ರೇಸಿಗೆ ಹೆಸರು ಕೊಟ್ಟಿದ್ದಾರೆ. ಕ್ಲಬ್ಬಿನಿಂದ ಅವರ ಫೋನ್ ನಂಬರು ಸಿಗುತ್ತದೆ. ಲೋರ್ನಾ ಆ ದಿನ ಏಳು ಸಲ ಫೋನು ಮಾಡುತ್ತಾರೆ, ವಿಷಯವನ್ನೆಲ್ಲ ಹೇಳಿ ಸಂದೇಶ ಬಿಡುತ್ತಾರೆ. ಶುಕ್ರವಾರ ಒಂದು ಸಾಲಿನ ಉತ್ತರ ಬರುತ್ತದೆ: ನನ್ನ ಕಾರು ಪ್ರತಿವರ್ಷ ತಪಾಸಣೆಯಲ್ಲಿ ಪಾಸಾಗಿದೆ, ವಂದನೆಗಳು.

"ತಪಾಸಣೆಯವರು ಬೆಲ್ಟು ನೋಡ್ತಾರೆ, ಬ್ರೇಕು ನೋಡ್ತಾರೆ. ರಾಕರಿಗೆ ಕೆಂಪು ಹಚ್ಚಿ ಯಾರು ನೋಡ್ತಾರೆ?" ಎನ್ನುತ್ತಾರೆ ಲೋರ್ನಾ. ತಯಾರಾದ ಎರಡು ರಾಕರ್‌ಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ಗಂಡನ ಊಟದ ಡಬ್ಬಿಗೆ ಹಾಕುತ್ತಾರೆ.

ಭಾನುವಾರ ಬೆಳಗ್ಗೆ ಏಳೂವರೆ. ಗುಡ್ಡದ ಬುಡದ ಹುಲ್ಲುಗಾವಲಿನಲ್ಲಿ ಎಂಬತ್ತು ಕಾರು, ಎಂಬತ್ತು ಟ್ರೇಲರು, ಹುರಿದ ಈರುಳ್ಳಿಯ ವಾಸನೆ. ಇಲ್ಲಿ ಒಬ್ಬೊಬ್ಬರೇ ಗುಡ್ಡ ಹತ್ತಬೇಕು. ಒಂದು ಕಿಲೋಮೀಟರ್ ಕಿರಿದಾದ ದಾರಿ, ಎರಡೂ ಬದಿಗೆ ಮರಗಳು. ಮೂವತ್ತೈದು ಸೆಕೆಂಡಿನ ಕೆಲಸ. ದಾರಿಗೂ ಮರಕ್ಕೂ ನಡುವೆ ಕೆಲವೆಡೆ ಒಂದು ಮಾರು ಜಾಗವಿಲ್ಲ. ಲೋರ್ನಾ ಇಳಿದ ಕೂಡಲೇ ನೋಡಿದ್ದು ಆ ಮರಗಳನ್ನು.

ರೊವೀನಾ ಐವತ್ತೆರಡರ ಗಟ್ಟಿ ಹೆಂಗಸು. ಹಳದಿ ಕಾರಿನ ಪಕ್ಕ ಹೆಲ್ಮೆಟ್ಟಿನ ಗಾಜು ಒರೆಸುತ್ತ ನಿಂತಿದ್ದಾರೆ.

"ಏಳು ಸಲ ಫೋನ್ ಮಾಡಿದ್ದು ನೀವೇನಾ? ಅಷ್ಟೊತ್ತೂ ನನ್ನ ಕೈ ಹಸುವಿನ ಹೊಟ್ಟೆ ಒಳಗಿತ್ತು."

"ನಾನೇ. ಲೋರ್ನಾ ಟೆಬಟ್. ಈ ಕಾರು ಕಟ್ಟಿದೋಳು."

"ನೋಡಿ, ಹತ್ತೂವರೆಗೆ ನನ್ನ ಓಟ. ಚಳಿಗಾಲವೆಲ್ಲ ಇದಕ್ಕೇ ಕಾದಿದೀನಿ. ಕಾರು ಚೆನ್ನಾಗಿದೆ. ನನಗೆ ಇದರ ಮೇಲೆ ನಂಬಿಕೆ ಇದೆ."

"ಅದೇ ತೊಂದರೆ," ಎನ್ನುತ್ತಾರೆ ಲೋರ್ನಾ. "ನೀವು ನಂಬಿರೋದು ನನ್ನನ್ನ. ಆ ಒಂದು ತುಂಡಿನ ವಿಷಯದಲ್ಲಿ ನಂಬಬೇಡಿ ಅಂತ ಹೇಳೋಕೇ ಇಷ್ಟು ದೂರ ಬಂದಿದೀನಿ."

ರೊವೀನಾ ಹೆಲ್ಮೆಟ್ಟು ಕೆಳಗಿಡುತ್ತಾರೆ. ಕೊನೆಗೆ ಒಂದು ಒಪ್ಪಂದವಾಗುತ್ತದೆ. ಬಿಚ್ಚಿ ಪರೀಕ್ಷೆ ಮಾಡುವುದು. ಗೆರೆ ಮೂಡಿದರೆ ಹೊಸದು ಹಾಕುವುದು. ಮೂಡದಿದ್ದರೆ ಹಳೆಯದನ್ನೇ ವಾಪಸು ಹಾಕಿ, ಲೋರ್ನಾ ತಮ್ಮ ಪಾಡಿಗೆ ತಾವು ಹೋಗುವುದು.

ನೆವ್ ಮೂಗು ತೆಗೆಯುತ್ತಾರೆ, ಲೋರ್ನಾ ರಾಕರ್‌ಗಳನ್ನು ಬಿಚ್ಚುತ್ತಾರೆ. ಬಣ್ಣ ಕೆರೆದು, ಕೆಂಪು ಹಚ್ಚಿ, ಕಾಯುತ್ತಾರೆ. ಕಾಯುವ ಹದಿನೈದು ನಿಮಿಷ ಲೋರ್ನಾ ಕಾರಿನ ಒಳಗೆಲ್ಲ ಕೈಯಾಡಿಸುತ್ತಾರೆ, ಬೆಸುಗೆಗಳನ್ನು ಒಂದೊಂದಾಗಿ ಮುಟ್ಟುತ್ತಾರೆ. ತವರಿಗೆ ಬಂದ ಮಗಳ ಕೈ ಮುಟ್ಟಿ, ಬಡವಾದಳೋ ಹೇಗೆ ಎಂದು ನೋಡುವ ತಾಯಿಯ ಮುಖ ಅವರದ್ದು. "ಚೆನ್ನಾಗಿ ನೋಡ್ಕೊಂಡಿದೀರಿ," ಎನ್ನುತ್ತಾರೆ. "ಮತ್ತೆ?" ಎನ್ನುತ್ತಾರೆ ರೊವೀನಾ, ಸ್ವಲ್ಪ ಮೆತ್ತಗಾಗಿ.

ಒರೆಸಿ, ಬಿಳಿ ಪುಡಿ ಸಿಂಪಡಿಸಿದ್ದಾಯಿತು. ಮೂವರೂ ಬಗ್ಗಿ ನೋಡುತ್ತಾರೆ. ಐದು ನಿಮಿಷ. ಹತ್ತು ನಿಮಿಷ. ಎರಡೂ ತುಂಡುಗಳು ಹಾಲಿನಂತೆ ಬಿಳಿಯಾಗಿಯೇ ಉಳಿಯುತ್ತವೆ. ಒಂದು ಗೆರೆಯೂ ಇಲ್ಲ.

"ಆಯ್ತಲ್ಲ," ಎನ್ನುತ್ತಾರೆ ರೊವೀನಾ. "ಹಾಕಿ ವಾಪಸ್. ಮಾತು ಮಾತೇ."

ಲೋರ್ನಾ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಎಡಗೈಯಲ್ಲಿ ಹಳೆಯ ಜೊತೆ, ಬಲಗೈಯಲ್ಲಿ ಡಬ್ಬಿ. ಎರಡನ್ನೂ ಹುಲ್ಲಿನ ಮೇಲೆ ಹಾಸಿದ ಬಟ್ಟೆಯಲ್ಲಿ ಪಕ್ಕಪಕ್ಕ ಇಡುತ್ತಾರೆ, ಮೇಲೊಂದು ಸ್ಪ್ಯಾನರು.

"ಮಾತು ಕೊಟ್ಟಿದ್ದೆ. ತಪ್ತಾ ಇದೀನಿ," ಎನ್ನುತ್ತಾರೆ. "ಆ ತೂತಿರೋದನ್ನ ಇನ್ನೊಂದು ಸಲ ನನ್ನ ಕೈಯಾರೆ ಹಾಕಲ್ಲ. ಕಾರು ನಿಮ್ಮದು, ತಡೆಯೋ ಹಕ್ಕು ನನಗಿಲ್ಲ. ಹಳೇದೇ ಬೇಕಂದ್ರೆ ನೀವೇ ಹಾಕ್ಕೊಳ್ಳಿ, ನೆವ್ ಲೈಟು ಹಿಡೀತಾನೆ. ನಾನು ಆ ಕಡೆ ತಿರುಗಿ ನಿಂತ್ಕೋತೀನಿ."

"ಗೆರೆ ಬರಲಿಲ್ಲವಲ್ರೀ!"

"ಇವತ್ತು ಬರಲಿಲ್ಲ."

ಮೈಕಿನಲ್ಲಿ ಯಾರದೋ ಹೆಸರು ಕೂಗುತ್ತಾರೆ. ಗುಡ್ಡದ ಬುಡದಿಂದ ಎಂಜಿನ್ನೊಂದರ ಸದ್ದು ಮರಗಳ ನಡುವೆ ಹಾದು ಮೇಲಕ್ಕೆ ಹೋಗಿ ನಿಲ್ಲುತ್ತದೆ. ರೊವೀನಾ ಹಳೆಯ ರಾಕರ್ ಒಂದನ್ನು ಎತ್ತಿಕೊಂಡು ತೂತಿನಲ್ಲಿ ಕಿರುಬೆರಳು ತೂರಿಸಿ ತಿರುಗಿಸುತ್ತಾರೆ.

"ಒಟ್ಟು ಎಷ್ಟು ಕಾರು ನೋಡಿದ್ರಿ?"

"ಇದು ಬಿಟ್ಟು ಇಪ್ಪತ್ತೆರಡು."

"ಎಷ್ಟರಲ್ಲಿ ಬಂತು ಗೆರೆ?"

"ನಾಲ್ಕರಲ್ಲಿ."

ರೊವೀನಾ ಆ ತುಂಡನ್ನು ಮೆಲ್ಲಗೆ ಕೆಳಗಿಡುತ್ತಾರೆ. ದನಿ ಬದಲಾಗುತ್ತದೆ, ಬಹುಶಃ ಕೊಟ್ಟಿಗೆಗಳಲ್ಲಿ ನಿಂತು ಮಾತಾಡುವ ದನಿ ಇದೇ ಇರಬೇಕು. "ಒಂದು ಹಿಂಡಲ್ಲಿ ನಾಲ್ಕು ಹಸುಗೆ ಕ್ಷಯ ಸಿಕ್ತು ಅನ್ನಿ. ಐದನೇದು ಪರೀಕ್ಷೇಲಿ ಪಾಸಾಗುತ್ತೆ. ರೈತ ಕುಣೀತಾನೆ, ನೋಡಿ ಡಾಕ್ಟ್ರೇ ಇದಕ್ಕೇನೂ ಇಲ್ಲ, ಮಾರ್ಕೋತೀನಿ ಅಂತಾನೆ. ಆಗ ನಾನೇನು ಹೇಳ್ತೀನಿ ಗೊತ್ತಾ? ಹಿಂಡಿಂದ ಒಂದೂ ಆಚೆ ಹೋಗೋ ಹಾಗಿಲ್ಲ ಅಂತೀನಿ. ಬೈಸ್ಕೋತೀನಿ." ಒಂದು ನಿಟ್ಟುಸಿರು. "ಈ ಹೊತ್ತು ಆ ರೈತ ನಾನೇ ಆಗಿಬಿಟ್ಟೆ ನೋಡಿ. ಹಾಕ್ರೀ ಹೊಸದನ್ನ."

ಲೋರ್ನಾ ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡು ಮಂಡಿಯೂರುತ್ತಾರೆ. ನೆವ್ ಸ್ಪ್ಯಾನರ್ ಕೊಡುತ್ತಾರೆ.

ಹೊಸ ರಾಕರ್ ಹಾಕಿದ ಮೇಲೆ ಕಾರಿನ ಎತ್ತರ ಮತ್ತೆ ಸರಿಮಾಡಬೇಕು. ಅದಕ್ಕೆ ಸಮತಟ್ಟಾದ ನೆಲ ಬೇಕು; ಇಡೀ ಹುಲ್ಲುಗಾವಲು ಇಳಿಜಾರು. ಕೊನೆಗೆ ಚಹಾ ಮಾರುವವರ ಗುಡಾರದ ಮರದ ಹಲಗೆಗಳ ಮೇಲೆ, ಸರದಿಯಲ್ಲಿ ನಿಂತವರನ್ನು ಆಚೀಚೆ ಸರಿಸಿ, ಕಾರು ನಿಲ್ಲಿಸಿ ಅಳತೆ ಮಾಡುತ್ತಾರೆ. ಜನ ಬೈಯುವುದಿಲ್ಲ, ಲೋಟ ಹಿಡಿದುಕೊಂಡು ಸುತ್ತ ನಿಂತು ಸಲಹೆ ಕೊಡುತ್ತಾರೆ. ಹತ್ತೂವರೆಯ ಓಟ ತಪ್ಪುತ್ತದೆ. ಎರಡನೆಯದು ಎರಡು ಗಂಟೆಗೆ ಸಿಗುತ್ತದೆ.

ರೊವೀನಾ ಹೊರಟಾಗ ಲೋರ್ನಾ ಗಡಿಯಾರದ ಹಲಗೆಯ ಕಡೆ ನೋಡುವುದಿಲ್ಲ. ಮೊದಲ ತಿರುವಿನ ಬೇಲಿಯ ಹತ್ತಿರ ಹೋಗಿ ನಿಂತು ಮುಂದಿನ ಗಾಲಿಗಳನ್ನು ನೋಡುತ್ತಾರೆ. ಹಳದಿ ಕಾರು ತಿರುವಿಗೆ ಬರುತ್ತದೆ, ಎಡಗಾಲಿ ಹಳ್ಳವೊಂದರಲ್ಲಿ ಇಳಿದು ಏಳುತ್ತದೆ, ಮೂಗು ಒಂದು ಕೂದಲಷ್ಟು ಬಾಗಿ ಮತ್ತೆ ಸಮವಾಗುತ್ತದೆ. ಮರಗಳ ನಡುವೆ ಹಳದಿ ಮಾಯವಾಗುತ್ತದೆ. ಸದ್ದು ಮೇಲೆ ಹೋಗಿ, ತಿರುಗಿ, ಇನ್ನೂ ಮೇಲೆ ಹೋಗಿ, ಶಾಂತವಾಗಿ ಇಳಿಯುತ್ತದೆ. ಲೋರ್ನಾ ಬೇಲಿ ಹಿಡಿದ ಕೈ ಬಿಡಿಸಿಕೊಳ್ಳುತ್ತಾರೆ. ಅಂಗೈ ತುಂಬ ಮರದ ಅಚ್ಚು ಮೂಡಿದೆ.

ಕೆಳಗೆ ಬಂದ ರೊವೀನಾ ಹೆಲ್ಮೆಟ್ ತೆಗೆಯುವ ಮುಂಚೆಯೇ ಶುರು ಮಾಡುತ್ತಾರೆ. "ಹೋದ ವರ್ಷಕ್ಕಿಂತ ಅರ್ಧ ಸೆಕೆಂಡು ನಿಧಾನ! ಎಲ್ಲ ನಿಮ್ಮ ಮೂವತ್ತೊಂದು ಗ್ರಾಂನಿಂದ."

"ಅಲ್ಲ," ಎನ್ನುತ್ತಾರೆ ಲೋರ್ನಾ. "ಮೂರನೇ ತಿರುವಲ್ಲಿ ಬ್ರೇಕು ಬೇಗ ಒತ್ತಿದ್ರಿ. ಕೇಳಿಸ್ತು ನನಗೆ."

ನೆವ್ ಆಕಾಶ ನೋಡುತ್ತಾರೆ. ರೊವೀನಾ ಒಂದು ಕ್ಷಣ ಕಣ್ಣರಳಿಸಿ, ಆಮೇಲೆ ಜೋರಾಗಿ ನಗುತ್ತಾರೆ. ಇಂಥ ಕಡೆ ಹೆಸರಾದ ಚಾಲಕರಿಂದ ಕಾರಿನ ಮೇಲೆ ಸಹಿ ಹಾಕಿಸಿಕೊಳ್ಳುವ ಪದ್ಧತಿಯಿದೆ. ಕಟ್ಟಿದವರ ಹತ್ತಿರ ಯಾರೂ ಕೇಳುವುದಿಲ್ಲ. ರೊವೀನಾ ದಪ್ಪ ಮೊನೆಯ ಕಪ್ಪು ಪೆನ್ನೊಂದನ್ನು ತಂದು ಲೋರ್ನಾರ ಕೈಗೆ ಕೊಟ್ಟು, ಹಳದಿ ಮೂಗನ್ನು ತೋರಿಸುತ್ತಾರೆ. "ಹಾಕಿ. ಎಲ್ಲರಿಗೂ ಕಾಣೋ ಹಾಗೆ, ದೊಡ್ಡದಾಗಿ."

"ಬಣ್ಣ ಹಾಳಾಗುತ್ತೆ," ಎನ್ನುತ್ತಾರೆ ಲೋರ್ನಾ.

"ಅಯ್ಯೋ ಹಾಕಮ್ಮಾ ತಾಯಿ! ನಲವತ್ತು ವರ್ಷದಿಂದ ಕಾಯಿಸಿದೀಯ," ಎನ್ನುತ್ತಾರೆ ನೆವ್.

ಲೋರ್ನಾ ಪೆನ್ನು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಾರೆ. ಆಮೇಲೆ ಮೂಗಿನ ಹೊದಿಕೆಯನ್ನು ಕಳಚಿ, ಮಗುವನ್ನು ಮಲಗಿಸುವ ಹಾಗೆ ಹುಲ್ಲಿನ ಮೇಲೆ ಬೋರಲು ತಿರುಗಿಸಿ, ಒಳಗಡೆ, ಮುಂದೆ ಎಂದಾದರೂ ಈ ಕಾರು ಬಿಚ್ಚುವವರ ಕಣ್ಣಿಗೆ ಮಾತ್ರ ಬೀಳುವ ಜಾಗದಲ್ಲಿ, ನಕ್ಷೆ ಬರೆಯುವ ನೆಟ್ಟಗಿನ ಅಕ್ಷರಗಳಲ್ಲಿ ನಿಧಾನವಾಗಿ ಬರೆಯುತ್ತಾರೆ:

"ರಾಕರಿಗೆ ತೂತು ಕೊರೆಯಬೇಡಿ. ಕೊರೆದು ನೋಡಿದವಳೇ ಹೇಳುತ್ತಿದ್ದೇನೆ. ಉಳಿದದ್ದೆಲ್ಲ ಸರಿಯಾಗಿದೆ. ಲೋರ್ನಾ ಟೆಬಟ್, ವಿನ್ಯಾಸ ಮತ್ತು ನಿರ್ಮಾಣ."